ಮಾದೇವಮ್ಮನ ಪಾಲಿನ ಮೊರ

ಮಾದೇವಮ್ಮನ ಮನೆಯ ಬಾಗಿಲ ಹಿಂದೆ ಯಾವಾಗಲೂ ಎರಡು ವಸ್ತುಗಳು ನಿಂತಿರುತ್ತವೆ. ಒಂದು ಪೊರಕೆ, ಇನ್ನೊಂದು ಅರಸಮ್ಮನ ಕೆರೆಯ ತೂಬಿನ ಹ್ಯಾಂಡ್ಲು. ಪೊರಕೆ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಹ್ಯಾಂಡ್ಲು ಅವಳ ಮಾವನ ಅಪ್ಪನ ಕಾಲದ್ದು. ಮೊಳದುದ್ದದ ಕಬ್ಬಿಣ, ಹಿಡಿಯುವ ಕಡೆ ಮೂರು ತಲೆಮಾರಿನ ಅಂಗೈ ಉಜ್ಜಿ ಉಜ್ಜಿ ನುಣುಪಾಗಿದೆ. ತೂಬಿನ ಕಲ್ಲುಕಂಬದ ಮೇಲಿರುವ ತಿರುಪಿಗೆ ಅದನ್ನು ಸಿಕ್ಕಿಸಿ ತಿರುಗಿಸಿದರೆ ಕೆರೆಯ ತಳದಲ್ಲಿರುವ ಬಾಗಿಲು ಮೇಲೇಳುತ್ತದೆ, ನೀರು ಏರಿಯ ಹೊಟ್ಟೆಯೊಳಗಿಂದ ಹಾದು ಆಚೆ ಬೀಳುತ್ತದೆ. ಈ ಕೆಲಸ ಮಾಡುವವನನ್ನು ನೀರುಗಂಟಿ ಎನ್ನುತ್ತಾರೆ. ಅವಳ ಮಾವ ನೀರುಗಂಟಿ, ಗಂಡ ನಿಂಗಯ್ಯ ನೀರುಗಂಟಿ. ನಿಂಗಯ್ಯ ಹೋಗಿ ಹನ್ನೊಂದು ವರ್ಷವಾಯಿತು, ಅಂದಿನಿಂದ ಇವಳೇ. ಹೆಂಗಸನ್ನು ನೀರುಗಂಟಿ ಎಂದು ಯಾವ ಕಾಗದವೂ ಬರೆಯಲಿಲ್ಲ. ಗುತ್ತಿಗೆದಾರನ ಪಟ್ಟಿಯಲ್ಲಿ ಅವಳು ‘ಕೆರೆ ಕಾವಲು ಮತ್ತು ಸ್ವಚ್ಛತೆ’. ಕಾಗದದಲ್ಲಿದ್ದ ಕೆಲಸವನ್ನು ಅವಳು ಸುಮಾರಾಗಿ ಮಾಡುತ್ತಿದ್ದಳು ಎಂದೇ ಹೇಳಬೇಕು. ಕಾಗದದಲ್ಲಿ ಇಲ್ಲದ ಕೆಲಸವನ್ನು ಮಾತ್ರ ಒಂದು ವರ್ಷವೂ ತಪ್ಪಿಸಿದವಳಲ್ಲ. ತಪ್ಪಿಸಿದ್ದು ಒಂದೇ ಒಂದು ಸಲ, ಹೋದ ಮಾರ್ಗಶಿರದಲ್ಲಿ.

ಅರಸಮ್ಮನ ಕೆರೆ ಇರುವುದು ಮೈಸೂರಿನ ಸಿದ್ಧಾರ್ಥನಗರದಿಂದಾಚೆ, ಹೊಸ ಬಡಾವಣೆಗಳು ಒಂದರ ಬೆನ್ನಿಗೊಂದು ಎದ್ದಿರುವ ಕಡೆ. ಮೊದಲು ಏರಿಯ ಕೆಳಗೆಲ್ಲ ಗದ್ದೆ, ಆಚೆಗೆ ರಾಗಿ ಹೊಲ, ಚಳಿಗಾಲಕ್ಕೆ ಅವರೆ. ಈಗ ಅಲ್ಲಿ ಮನೆಗಳು, ಮನೆಗಳ ಮುಂದೆ ಕಾರುಗಳು. ಏರಿಯ ಮೇಲ್ಗಡೆಯೂ ಬಡಾವಣೆಯೇ. ಅಲ್ಲಿಂದ ಬಚ್ಚಲ ನೀರು, ಕಕ್ಕಸಿನ ನೀರು ಮಳೆಗಾಲುವೆ ಹಿಡಿದು ನೆಟ್ಟಗೆ ಕೆರೆಗೆ ಇಳಿಯುತ್ತದೆ. ಯಾರ ಮನೆಯದಪ್ಪಾ ಎಂದು ಕೇಳಿ ನೋಡಿ, ಯಾರ ಮನೆಯದೂ ಅಲ್ಲ. ಎಲ್ಲರ ಮನೆಯ ಪೈಪೂ ಸರಿಯಾದ ಜಾಗಕ್ಕೇ ಹೋಗುತ್ತದೆಯಂತೆ. ಆದರೂ ಕೆರೆ ವರ್ಷವರ್ಷಕ್ಕೂ ಹಸಿರಾಗುತ್ತಾ, ದಪ್ಪಗಾಗುತ್ತಾ ಬಂದಿದೆ. ಬೆಳಿಗ್ಗೆ ವಾಕಿಂಗಿಗೆ ಬರುವವರು ಏರಿಯ ಮೇಲೆ ಕೈ ಬೀಸುತ್ತಾ ನಡೆದು, ಕಾಲುವೆ ಸೇರುವ ಮೂಲೆಯಲ್ಲಿ ಮಾತ್ರ ಮೂಗು ಮುಚ್ಚಿಕೊಂಡು, ಅದನ್ನು ದಾಟಿದ ಮೇಲೆ ಮತ್ತೆ ಕೈ ಬೀಸುತ್ತಾರೆ.

ಮಾದೇವಮ್ಮ ಈ ಏರಿಯ ಪಕ್ಕದ ಮನೆಗೆ ಸೊಸೆಯಾಗಿ ಬಂದಾಗ ಹದಿನೇಳು ವರ್ಷ. ಬಂದ ಮೊದಲ ಚಳಿಗಾಲದಲ್ಲೇ ನಿಂಗಯ್ಯ ಅವಳನ್ನು ತೂಬಿನ ಹತ್ತಿರ ಕರೆದುಕೊಂಡು ಹೋಗಿದ್ದ. ಹೊಸ ಹೆಂಡತಿಗೆ ಬೇರೆಯವರು ಸಿನಿಮಾ ತೋರಿಸಿದರೆ ಈ ಮಹರಾಯ ಕೆರೆಯ ಕೊಳಕು ತೋರಿಸಿದ ಎಂದು ಅವಳು ಎಷ್ಟೋ ವರ್ಷ ಹೇಳಿಕೊಂಡು ನಗುತ್ತಿದ್ದಳು.

“ಕೆರೆಗೂ ಒಂದು ಒಟ್ಟೆ ಅಂತ ಅದೆ ಕಣೇ,” ಎಂದಿದ್ದ ನಿಂಗಯ್ಯ. “ಮಳೇಲಿ ಬಂದ ಗಲೀಜೆಲ್ಲ ತಳಕ್ಕೋಗಿ ಕೊಳೀತಾ ಕುಂತಿರ್ತದೆ. ಚಳಿ ಬೀಳೋಗಂಟ ಅದು ಸುಮ್ಕಿರ್ತದೆ. ಚಳಿ ಬಿತ್ತು ಅನ್ನು, ಮೇಲಿನ್ ನೀರು ತಣ್ಗಾಗಿ ಕೆಳೀಕಿಳೀತದೆ, ತಳದ್ ಕೆಟ್ ನೀರು ಮೇಲೀಕೇಳ್ತದೆ. ಆ ನೀರ್ನಾಗೆ ಮೀನ್ಗೆ ಉಸಿರಾಡಾಕಾಗಾಕಿಲ್ಲ. ಅದು ಏಳಾಕ್ ಮುಂಚೇನೇ ನಾವು ತೂಬೆತ್ತಿ ಆಚೀಕ್ ಅಟ್ಟಿಬುಡಬೇಕು.”

“ಯಾವತ್ತು ಅಂತ ಎಂಗ್ ಗೊತ್ತಾಯ್ತದೆ?”

“ಒತ್ತಾರೆ ಏರಿ ಮ್ಯಾಲೆ ನಿಂತ್ಕೊಂಡು ಬಾಯಿಂದ ಉಫ್ ಅನ್ನು. ಒಗೆ ಬಂತಾ, ಅವತ್ತೇ.”

ಇಷ್ಟೇ ನಿಂಗಯ್ಯನ ಶಾಸ್ತ್ರ. ಬಾಯಿಂದ ಹೊಗೆ ಬಂದ ದಿನ ತೂಬು ಎತ್ತಬೇಕು, ಮೂರು ದಿನ ಬಿಟ್ಟು ಇಳಿಸಬೇಕು. ತಳದ ನೀರು ಕಪ್ಪಗೆ ಹೋಗಿ ಅವರೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಕೆರೆಯ ಅಂಚಿನಲ್ಲಿ ಕೆಸರು ಕಾಣಿಸಿಕೊಳ್ಳುತ್ತಿತ್ತು, ಆ ಕೆಸರಿಗೆ ಎಲ್ಲೆಲ್ಲಿಂದಲೋ ಉದ್ದ ಕಾಲಿನ ಹಕ್ಕಿಗಳು ಬಂದು ಇಳಿಯುತ್ತಿದ್ದವು. ನಡುಗಡ್ಡೆಯ ಜಾಲಿ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತಿದ್ದವು. ದೊಡ್ಡ ಚೀಲದಂಥ ಗಂಟಲಿನ ಆ ಹಕ್ಕಿಗಳನ್ನು ಕಂಡರೆ ಮಾದೇವಮ್ಮನಿಗೆ ಏನೋ ಸಲಿಗೆ. “ಬಂದ್ರಾ ಬೀಗರು, ಊಟುಕ್ಕೆ ಎಲೆ ಆಕ್ಬೇಕಾ?” ಎಂದು ಏರಿಯ ಮೇಲಿಂದಲೇ ವಿಚಾರಿಸಿಕೊಳ್ಳುತ್ತಿದ್ದಳು. ಮಕ್ಕಳಿಲ್ಲದ ಮನೆ ಅವಳದು, ಬರುವ ಬೀಗರೆಂದರೆ ಅವೇ.

ಹೊಲಗಳು ಹೋಗಿ ಮನೆಗಳು ಬಂದ ಮೇಲೆ ತೂಬಿನ ನೀರು ಯಾರಿಗೂ ಬೇಡವಾಯಿತು. ಎತ್ತಿದ ಮೂರು ದಿನ ಕೆಳಗಿನ ಬಡಾವಣೆಯ ಚರಂಡಿ ನಾರುತ್ತಿತ್ತು. ಜನ ಕಿಟಕಿ ಮುಚ್ಚಿಕೊಂಡು ಬೈಯುತ್ತಿದ್ದರು. ಮಾದೇವಮ್ಮ ಬೈಸಿಕೊಂಡೇ ಎತ್ತುತ್ತಿದ್ದಳು. “ನಿಮ್ ಕೊಳಕೇ ಕಣ್ರಪ್ಪ, ನಿಮ್ಗೇ ವಾಪಸ್ ಕೊಡ್ತಾ ಇವ್ನಿ,” ಎಂದು ಒಮ್ಮೆ ಒಬ್ಬರಿಗೆ ಮುಖದ ಮೇಲೆ ಹೊಡೆದ ಹಾಗೆ ಹೇಳಿಯೂ ಇದ್ದಳು.

ಇಂಥ ಗಟ್ಟಿ ಹೆಂಗಸು ಆ ವರ್ಷ ಮಾತ್ರ ಏಕೆ ಸುಮ್ಮನಿದ್ದಳು ಎಂದು ತಿಳಿಯಬೇಕಾದರೆ ಬಾಗಿನದ ವಿಷಯ ಹೇಳಬೇಕು.

ಕೆರೆ ತುಂಬಿದ ವರ್ಷ ಬಾಗಿನ ಕೊಡುವುದು ಹಳೆಯ ಪದ್ಧತಿ. ಜೊತೆ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ ಬಿಚ್ಚೋಲೆ, ರವಿಕೆ ಕಣ ಇಟ್ಟು, ಒಂದರ ಮೇಲೊಂದು ಮುಚ್ಚಿ ಗಂಗಮ್ಮನಿಗೆ ಒಪ್ಪಿಸುತ್ತಾರೆ. ಅರಸಮ್ಮನ ಕೆರೆಯಲ್ಲಿ ಇನ್ನೂ ಒಂದು ಕಟ್ಟಳೆ ಇತ್ತು. ಬಾಗಿನ ಆಗುವ ತನಕ ತೂಬು ಎತ್ತುವ ಹಾಗಿಲ್ಲ. ತುಂಬಿದ ಬಸುರಿಗೆ ಮಡಿಲು ತುಂಬುವ ಮೊದಲೇ ಹೊಟ್ಟೆ ಮುಟ್ಟಬಾರದು ಎಂದು ಹಿರಿಯರ ಮಾತು. ಆಗೆಲ್ಲ ಗೌಡರ ಮನೆಯ ಹೆಂಗಸರು ದೀಪಾವಳಿ ಕಳೆದ ವಾರದಲ್ಲೇ ಬಾಗಿನ ಕೊಟ್ಟು ಮುಗಿಸುತ್ತಿದ್ದರು, ಚಳಿ ಬರುವ ಹೊತ್ತಿಗೆ ಕಟ್ಟಳೆ ಕಳೆದಿರುತ್ತಿತ್ತು. ನೀರುಗಂಟಿಯ ಮನೆಯವರು ಹ್ಯಾಂಡ್ಲು ಹಿಡಿದು ಏರಿಯ ಕೆಳಗೆ ನಿಂತಿರಬೇಕು, ಮೇಲಿನಿಂದ ಅಪ್ಪಣೆಯಾದಾಗ ಎತ್ತಬೇಕು. ಮಾದೇವಮ್ಮನ ಹಣೆ ತುಂಬ ಕುಂಕುಮವಿದ್ದ ಕಾಲದಲ್ಲೂ ಅವಳ ಕೈಗೆ ಒಂದು ಮೊರ ಬಂದದ್ದಿಲ್ಲ. ಏರಿಯ ಕೆಳಗಿನಿಂದ ಅವಳು ಕಂಡದ್ದು ಹೆಂಗಸರ ಹಿಮ್ಮಡಿ ಮತ್ತು ಸೀರೆಯ ಅಂಚು. ಆಮೇಲೆ ಗೌಡರ ಮನೆ ಜಮೀನು ಮಾರಿಕೊಂಡು ಹೋಯಿತು, ಬಾಗಿನವೂ ನಿಂತಿತು. ಇಪ್ಪತ್ತು ವರ್ಷ ಮೊದಲು ನಿಂಗಯ್ಯ, ಆಮೇಲೆ ಮಾದೇವಮ್ಮ, ತೂಬಿನ ಕಲ್ಲಿಗೆ ಒಂದು ಚಿಟಿಕೆ ಅರಿಸಿನ ಹಚ್ಚಿ ತಮ್ಮ ಪಾಡಿಗೆ ಎತ್ತಿಕೊಂಡು ಬಂದಿದ್ದರು.

ಆ ವರ್ಷ ಮಳೆ ತಡವಾಗಿ ಬಂದು, ಬಂದದ್ದು ಬಿಡದೆ ಹೊಡೆದು, ಕಾರ್ತಿಕ ಹುಣ್ಣಿಮೆಯ ಹೊತ್ತಿಗೆ ಕೆರೆ ಕೋಡಿ ಬಿತ್ತು. ಬಡಾವಣೆಯ ಸಂಘದ ಅಧ್ಯಕ್ಷರು ಚಂದ್ರಮೌಳಿ. ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು, ಕೆಟ್ಟ ಮನುಷ್ಯರಲ್ಲ. ಕೆರೆಗೆ ಬರುವ ಕೊಳಚೆಯ ಬಗ್ಗೆ ಅವರು ಬರೆದ ಅರ್ಜಿಗಳನ್ನು ಒಂದರ ಮೇಲೊಂದು ಇಟ್ಟರೆ ದಿಂಬಾಗುತ್ತಿತ್ತು. ಒಬ್ಬ ದೊಡ್ಡ ಮನುಷ್ಯರನ್ನು ಕರೆಸಿ ಬಾಗಿನ ಕೊಡಿಸಿದರೆ ಕೆರೆಯ ಕಡೆ ಕಣ್ಣು ಬೀಳುತ್ತದೆ, ಕೊಳಚೆಗೊಂದು ಪೈಪ್‌ಲೈನು ಮಂಜೂರಾಗುತ್ತದೆ ಎಂಬುದು ಅವರ ಲೆಕ್ಕಾಚಾರ. ಅವರ ಹೆಂಡತಿ ಗಿರಿಜಾಂಬಾ ಬಾಗಿನದ ಉಸ್ತುವಾರಿ ವಹಿಸಿಕೊಂಡು, ಒಂದು ಸಂಜೆ ಮಾದೇವಮ್ಮನನ್ನು ಮನೆಗೆ ಕರೆಸಿದರು.

“ನಿಮ್ಮ ಮನೆತನ ಮೂರು ತಲೆಮಾರು ಈ ಕೆರೆ ಕಾದಿದೆ. ಮೊದಲನೇ ಬಾಗಿನ ನಿನ್ನ ಕೈಯಿಂದ್ಲೇ ಆಗ್ಬೇಕು ಕಣೇ.”

ಮಾದೇವಮ್ಮನಿಗೆ ತಮಾಷೆ ಮಾಡುತ್ತಿದ್ದಾರೆ ಅನ್ನಿಸಿತು. “ನಾನಾ? ಗಂಡ ಸತ್ತೋಳು ಬಾಗ್ನ ಕೊಟ್ರೆ ನೋಡ್ದೋರು ಏನಂದಾರು ಅಮ್ಮಾವ್ರೇ?”

“ಅನ್ನೋರು ಅನ್ಕೊಳ್ಲಿ. ನಮ್ಮನೇಲಿ ಆ ಭೇದ ಇಲ್ಲ. ನೋಡು, ನಿನ್ನ ಹೆಸರೂ ಬರೆದಾಯ್ತು.”

ನಡುಮನೆಯ ಮೂಲೆಯಲ್ಲಿ ಅರಿಸಿನ ಹಚ್ಚಿ ಒಣಗಿಸಿದ ಮೊರಗಳನ್ನು ಜೊತೆಜೊತೆಯಾಗಿ ಜೋಡಿಸಿದ್ದರು. ಮೇಲಿನ ಜೊತೆಗೆ ಒಂದು ಚೀಟಿ ಅಂಟಿಸಿತ್ತು. ಮಾದೇವಮ್ಮ ಮೂರನೇ ಕ್ಲಾಸಿನ ತನಕ ಓದಿದವಳು. ಅಕ್ಷರ ಕೂಡಿಸಿ ಕೂಡಿಸಿ ತನ್ನ ಹೆಸರು ಓದಿಕೊಂಡಳು. ಆ ದಿನ ಮನೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಹೋದಳು. ಹೂವು ಮಾರುವವಳಿಗೆ ಎರಡು ಸಲ ಹೇಳಿದಳು.

ಕಾರ್ತಿಕದ ಕೊನೆಯ ಸೋಮವಾರಕ್ಕೆ ದಿನ ಗೊತ್ತಾಗಿತ್ತು. ದೊಡ್ಡವರಿಗೆ ಬಿಡುವಾಗಲಿಲ್ಲ. ಮಾರ್ಗಶಿರದ ಮೊದಲ ಶುಕ್ರವಾರ ಎಂದರು, ಅವತ್ತು ಯಾರದೋ ಮದುವೆಗೆ ಹೋಗಬೇಕಿತ್ತಂತೆ. ಮುಂದಿನ ವಾರ ಭಾನುವಾರ ಖಂಡಿತ ಎಂದರು. ದೊಡ್ಡವರ ಖಂಡಿತಕ್ಕೆ ಕೆರೆ ಕಾಯಬಹುದು, ಚಳಿ ಕಾಯುವುದಿಲ್ಲ. ಎರಡನೇ ದಿನ ತಪ್ಪಿದ ಆ ಶುಕ್ರವಾರದ ಬೆಳಿಗ್ಗೆಯೇ ಮಾದೇವಮ್ಮ ಏರಿಯ ಮೇಲೆ ನಿಂತು ಉಫ್ ಎಂದಳು. ಹೊಗೆ ಬಂತು.

ಬಂದರೇನು, ಇನ್ನೂ ಬಾಗಿನವಾಗಿಲ್ಲವಲ್ಲ ಎಂದುಕೊಂಡಳು. ಇಪ್ಪತ್ತು ವರ್ಷ ಇಲ್ಲದ ಕಟ್ಟಳೆ ಅವಳಿಗೆ ಆ ದಿನ ಇದ್ದಕ್ಕಿದ್ದಂತೆ ಜ್ಞಾಪಕಕ್ಕೆ ಬಂತು. ಮನಸ್ಸಿಗೆ ಬೇಕಾದಾಗ ಹಿರಿಯರ ಮಾತು ಹೇಗೆ ಓಡೋಡಿ ಬರುತ್ತದೆ ನೋಡಿ.

ಸೋಮವಾರದಿಂದ ಮೋಡ ಕವಿಯಿತು. ಬಂಗಾಳಕೊಲ್ಲಿಯಲ್ಲಿ ಎಂಥದೋ ಚಂಡಮಾರುತವಂತೆ. ಮಳೆ ಎನ್ನುವ ಹಾಗೂ ಇಲ್ಲ, ಬಿಸಿಲಂತೂ ಇಲ್ಲ, ಮೈಸೂರಿನ ಜನ ಸ್ವೆಟರಿನ ಮೇಲೆ ಟವಲು ಹೊದ್ದು ಓಡಾಡಿದರು. ಬಿಸಿಲಿಲ್ಲದೆ ಕೆರೆಯ ಹಸಿರು ಕಂದಿ ಕಂದುಬಣ್ಣಕ್ಕೆ ತಿರುಗಿತು. ಗುರುವಾರ ಬೆಳಿಗ್ಗೆ ಆರೂವರೆಗೆ ಪೊರಕೆ ಹಿಡಿದು ಹೋದ ಮಾದೇವಮ್ಮ ಕೆರೆಗಿಳಿಯುವ ಮೆಟ್ಟಿಲ ಹತ್ತಿರ ನಿಂತುಬಿಟ್ಟಳು. ದಡದುದ್ದಕ್ಕೂ ಮೀನು. ಕಾಟ್ಲ, ಗೆಂಡೆ, ಜಿಲೇಬಿ, ದೊಡ್ಡವು ಸಣ್ಣವು ಎಲ್ಲ ಮೂತಿಯನ್ನು ನೀರಿನಿಂದ ಮೇಲೆತ್ತಿ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವು. ಹೆಜ್ಜಾರ್ಲೆಗಳಿಗೆ ಹಬ್ಬವೋ ಹಬ್ಬ, ನಡುಗಡ್ಡೆಯಿಂದ ಬಂದು ಚೀಲ ತುಂಬಿಕೊಂಡು ಹೋಗುತ್ತಿದ್ದವು. ಹೊತ್ತೇರಿದಂತೆ ಮೀನುಗಳು ಮತ್ತೆ ಕೆಳಗಿಳಿದವು. ನೋಡಿದವರು ಬೇರೆ ಯಾರೂ ಇರಲಿಲ್ಲ, ಇದ್ದಿದ್ದರೂ ಅವರಿಗೆ ಅದರ ಅರ್ಥ ಗೊತ್ತಾಗುತ್ತಿರಲಿಲ್ಲ.

ಅವಳು ನೇರವಾಗಿ ಚಂದ್ರಮೌಳಿಯವರ ಮನೆಗೆ ಹೋದಳು.

“ತೂಬೆತ್ತಬೇಕು ಸಾರ್. ತಳದ್ ನೀರು ಏಳ್ತಾ ಅದೆ.”

ಚಂದ್ರಮೌಳಿ ಫೋನಿನಲ್ಲಿ ಶಾಮಿಯಾನದವನ ಜೊತೆ ಮಾತಾಡುತ್ತಿದ್ದವರು ಕೈಯಲ್ಲೇ ತಡೆದು ಕೇಳಿದರು. “ಈಗ ಎತ್ತಿದ್ರೆ ಎಷ್ಟು ಇಳಿಯುತ್ತೆ?”

“ಮೂರು ದಿನಕ್ಕೆ ಒಂದಾಳು ಉದ್ದ.”

“ಅಯ್ಯೋ, ಮೆಟ್ಟಿಲ ಕೆಳಗೆ ಬರೀ ಕೆಸರು ಕಾಣುತ್ತಲ್ಲಮ್ಮ. ಕೆಸರಲ್ಲಿ ನಿಲ್ಲಿಸಿ ಬಾಗಿನ ಕೊಡಿಸೋಕಾಗುತ್ತಾ? ಇನ್ನು ಮೂರೇ ದಿನ. ಭಾನುವಾರ ಮಧ್ಯಾಹ್ನ ಅವರು ಹೊರಟ ಕೂಡಲೇ ಎತ್ತಿಬಿಡು, ನಾನೇ ಬಂದು ನಿಂತ್ಕೋತೀನಿ.” ಆಮೇಲೆ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು. “ಅಷ್ಟರಲ್ಲಿ ಏನಾದ್ರೂ ಆಗುತ್ತಾ? ನಿನಗೆ ಗೊತ್ತಿರೋಷ್ಟು ನನಗೆ ಗೊತ್ತಿಲ್ಲ. ನೀನೇ ಹೇಳು.”

ಬಾಗಿಲ ಬಳಿ ಗಿರಿಜಾಂಬಾ ನಿಂತಿದ್ದರು, ಕೈಯಲ್ಲಿ ಒಂದು ಹೊಸ ಸೀರೆ. ಹಸಿರು ಮೈ, ಹಳದಿ ಅಂಚು. “ಭಾನುವಾರ ಇದನ್ನೇ ಉಟ್ಕೊಂಡು ಬಾ,” ಎನ್ನುವ ಹಾಗೆ ಎತ್ತಿ ತೋರಿಸಿದರು. ಮಾದೇವಮ್ಮನ ಕಣ್ಣು ಸೀರೆಯ ಮೇಲೆ ಬಿತ್ತು. ಅಲ್ಲಿಂದ ಮೂಲೆಯ ಮೊರಗಳ ಮೇಲೆ, ಮೊರದ ಚೀಟಿಯ ಮೇಲೆ.

“ಮೂರ್ ದಿನ ತಾನೆ ಸಾರ್,” ಎಂದಳು. “ತಡೀತದೆ ಬುಡಿ.”

ಆ ಮಾತನ್ನು ಅವಳೇ ಆಡಿದ್ದು, ಯಾರೂ ಅವಳ ಬಾಯಿಂದ ಕೀಳಲಿಲ್ಲ.

ಶುಕ್ರವಾರ ಬೆಳಿಗ್ಗೆಯೂ ಮೀನು ಬಾಯಿ ಬಿಟ್ಟವು. ಶನಿವಾರವಂತೂ ಹೊತ್ತೇರಿ ಎಂಟು ಗಂಟೆಯಾದರೂ ಕೆಳಗಿಳಿಯಲಿಲ್ಲ. ಶನಿವಾರ ಸಂಜೆ ಅವಳು ಬಾಗಿಲ ಹಿಂದಿನ ಹ್ಯಾಂಡ್ಲು ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡು ತೂಬಿನ ತನಕ ಹೋದಳು. ಏರಿಯ ಮೇಲೆ ಶಾಮಿಯಾನ ಎದ್ದಿತ್ತು, ಮೆಟ್ಟಿಲಿಗೆ ಸುಣ್ಣ ಬಳಿದಿದ್ದರು, ಬಾಳೆಕಂದು ಕಟ್ಟುತ್ತಿದ್ದರು. ಕೆಲಸದವನೊಬ್ಬ, “ಏನಜ್ಜಿ, ನಾಳೆ ನಿಂದೇ ಮೊದಲ್ನೇ ಬಾಗ್ನವಂತೆ!” ಎಂದು ಕೂಗಿದ. ಅವಳು ನಕ್ಕಳು. ತೂಬಿನ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕುಳಿತಳು. ಹ್ಯಾಂಡ್ಲು ಸೆರಗಿನೊಳಗೇ ಇತ್ತು. ಒಂದು ರಾತ್ರಿ ತಾನೆ ಎಂದುಕೊಂಡು ಎದ್ದು ಮನೆಗೆ ಬಂದು, ಅದನ್ನು ಪೊರಕೆಯ ಪಕ್ಕಕ್ಕೆ ನಿಲ್ಲಿಸಿದಳು.

ಭಾನುವಾರ ಬೆಳಗಾದಾಗ ಕೆರೆ ಬೆಳ್ಳಗಿತ್ತು.

ಮೊದಲು ಅವಳು ಮಂಜು ಎಂದುಕೊಂಡಳು. ಹತ್ತಿರ ಹೋದರೆ ಹೊಟ್ಟೆ ಮೇಲಾದ ಮೀನು. ಈ ದಡದಿಂದ ನಡುಗಡ್ಡೆಯ ತನಕ, ಸುಣ್ಣ ಬಳಿದ ಮೆಟ್ಟಿಲಿನ ಕೊನೆಯ ಎರಡು ಮೆಟ್ಟಿಲ ಮೇಲೂ. ಅಂಗೈಯಗಲದ ಜಿಲೇಬಿಯಿಂದ ಎತ್ತಲಾರದಷ್ಟು ದೊಡ್ಡ ಕಾಟ್ಲದ ತನಕ. ಕೆಲವಕ್ಕೆ ಇನ್ನೂ ಜೀವವಿತ್ತು, ಬಾಯಿ ನಿಧಾನವಾಗಿ ತೆರೆಯುತ್ತಿತ್ತು. ಮಾದೇವಮ್ಮ ಮನೆಗೆ ಓಡಿ ಹ್ಯಾಂಡ್ಲು ತಂದಳು. ಯಾರನ್ನೂ ಕೇಳಲಿಲ್ಲ. ತಿರುಪಿಗೆ ಸಿಕ್ಕಿಸಿ ಮೈಮೇಲೆ ದೇವರು ಬಂದವಳ ಹಾಗೆ ತಿರುಗಿಸಿದಳು. ಏರಿಯಾಚೆ ಕರಿನೀರು ಭೋರೆಂದು ಬಿತ್ತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಗಾದೆಯಿದೆ. ಇವಳು ಬಾಗಿಲು ತೆಗೆದಳು, ಅಷ್ಟೇ ವ್ಯತ್ಯಾಸ.

ಎಂಟು ಗಂಟೆಗೆ ಊರೆಲ್ಲ ಸೇರಿತು. ಒಂಬತ್ತಕ್ಕೆ ನಾತ ಶುರುವಾಯಿತು. ದೊಡ್ಡವರಿಗೆ ಯಾರೋ ಫೋನು ಮಾಡಿ ಹೇಳಿದ್ದರಿಂದ ಅವರ ಕಾರು ಅರ್ಧ ದಾರಿಯಿಂದಲೇ ತಿರುಗಿತು. ಟ್ರ್ಯಾಕ್ಟರು ಬಂತು, ನಾಲ್ಕು ಜನ ಕೂಲಿಯವರು ಬಂದರು. ಇದ್ದದ್ದು ಎರಡು ಬಾಂಡ್ಲಿ, ಒಂದು ಹರಿದ ಬುಟ್ಟಿ. “ಇನ್ನೇನಾರ ತನ್ರೀ, ಕೈಯಲ್ಲಿ ಎಷ್ಟು ಅಂತ ಎತ್ತೋದು!” ಎಂದು ಒಬ್ಬ ರೇಗಿದ.

ರೇಷ್ಮೆ ಸೀರೆ ಉಟ್ಟು ಮೆಟ್ಟಿಲ ಮೇಲೆ ನಿಂತಿದ್ದ ಗಿರಿಜಾಂಬಾ ಶಾಮಿಯಾನದೊಳಗೆ ಹೋದರು. ಬಾಗಿನದ ಮೊರಗಳನ್ನು ಒಂದೊಂದಾಗಿ ಬಿಚ್ಚಿ ಅಕ್ಕಿ, ಬೇಳೆ, ಬಳೆಗಳನ್ನೆಲ್ಲ ಗೋಣಿಚೀಲಕ್ಕೆ ಸುರಿದರು. ಬರಿದಾದ ಮೊರಗಳನ್ನು ತಂದು ಮೆಟ್ಟಿಲ ಮೇಲಿಟ್ಟು, ಪಕ್ಕಕ್ಕೆ ನಿಂತರು. ಮೇಲಿನ ಮೊರಕ್ಕೆ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಅದನ್ನು ಮಾದೇವಮ್ಮನೇ ಎತ್ತಿಕೊಂಡಳು. ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ ನೀರಿಗಿಳಿದು, ಮೊರ ತುಂಬ ಮೀನು ತುಂಬಿ, ತಲೆಯ ಮೇಲಿಟ್ಟುಕೊಂಡು ಟ್ರ್ಯಾಕ್ಟರಿಗೆ ಸುರಿದು ಬಂದಳು. ಮತ್ತೆ ಇಳಿದಳು. ಅರಿಸಿನ ಕರಗಿ ಅವಳ ಹಣೆಯ ಮೇಲೆ ಹರಿಯಿತು. ಮಧ್ಯಾಹ್ನದ ತನಕ ಎಷ್ಟು ಸಲ ಹತ್ತಿ ಇಳಿದಳೋ, ನಡುವೆ ಯಾರೋ ಫೋಟೋ ತೆಗೆದರು.

ಭಾನುವಾರಗಳಂದು ಜಯಲಕ್ಷ್ಮಿಪುರಂನಿಂದ ಹಕ್ಕಿ ಎಣಿಸಲು ಬರುತ್ತಿದ್ದ ಕಾಲೇಜಿನ ಮೇಷ್ಟ್ರಮ್ಮ ಮೈತ್ರೇಯಿ ಅವತ್ತೂ ಬಂದಿದ್ದರು. ಒಂದು ಸಣ್ಣ ಯಂತ್ರವನ್ನು ನೀರಿಗೆ ಅದ್ದಿ ನೋಡಿ, “ನೀರಲ್ಲಿ ಉಸಿರೇ ಇಲ್ಲ,” ಎಂದರು. ಮಾದೇವಮ್ಮ ಗಂಡನ ಮಾತನ್ನು ಹೇಳಿದಳು, ತಳದ ನೀರು, ಬಾಯಿಯ ಹೊಗೆ, ಎಲ್ಲ. ಮೈತ್ರೇಯಿ ಅವಳನ್ನೇ ನೋಡಿದರು.

“ನಿಮ್ಮ ಯಜಮಾನ್ರು ಹೇಳಿದ್ದು ಸರಿ ಕಣಮ್ಮ. ಚಳಿ, ಮೋಡ, ಮೇಲಿಂದ ಬರೋ ಕೊಳಚೆ, ಮೂರೂ ಸೇರಿಬಿಟ್ಟಿವೆ. ಕೊಳಚೆ ಇಲ್ದೇ ಇದ್ದಿದ್ರೆ ಈ ಚಳಿ ಏನೂ ಮಾಡ್ತಿರಲಿಲ್ಲ. ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ಮೀನು ಬಾಯಿ ಬಿಡೋಕೆ ಶುರು ಮಾಡಿದ ದಿನವೇ ಯಾರಾದ್ರೂ ನೋಡಿ ತೂಬು ಎತ್ತಿದ್ರೆ ಅರ್ಧವಾದ್ರೂ ಉಳೀತಿದ್ವೇನೋ. ಪಾಪ, ಯಾರೂ ನೋಡಿರಲ್ಲ.”

ಮಾದೇವಮ್ಮ ಮೊರ ತೆಗೆದುಕೊಂಡು ಮತ್ತೆ ನೀರಿಗಿಳಿದಳು.

ಹೆಜ್ಜಾರ್ಲೆಗಳು ಒಂದು ವಾರ ನಡುಗಡ್ಡೆಯಲ್ಲೇ ಇದ್ದವು. ಬೆಳಿಗ್ಗೆ ಹಾರಿಹೋಗಿ ಸಂಜೆ ಖಾಲಿ ಚೀಲದಲ್ಲಿ ಬರುತ್ತಿದ್ದವು. ಆಮೇಲೆ ಒಂದೊಂದೇ ಜೋಡಿ ಬರುವುದನ್ನು ನಿಲ್ಲಿಸಿತು. ಗೂಡುಗಳಲ್ಲಿ ಮೊಟ್ಟೆ ಇತ್ತು ಎಂದು ಗೊತ್ತಾದದ್ದು ಕಾಗೆಗಳು ಅವನ್ನು ಎತ್ತಿಕೊಂಡು ಹೋಗುವುದು ಕಂಡಾಗ. ಮಾದೇವಮ್ಮ ಏರಿಯ ಮೇಲೆ ನಿಂತು ಕಾಗೆಗಳಿಗೆ ಕಲ್ಲು ಬೀರಿದಳು. ನಡುಗಡ್ಡೆ ಎಲ್ಲಿ, ಅವಳ ಕಲ್ಲು ಎಲ್ಲಿ. ಕೈ ಸೋತು ಅಲ್ಲೇ ಕುಳಿತು ಅತ್ತಳು. ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ, ಆಗ ಅತ್ತದ್ದರಲ್ಲಿ ತಪ್ಪಿನ ಪಾಲು ಇರಲಿಲ್ಲ.

ಯಾರೂ ಅವಳನ್ನು ದೂರಲಿಲ್ಲ. ದೂರಿದ್ದರೆ ಎಷ್ಟೋ ಹಗುರವಾಗುತ್ತಿತ್ತೇನೋ. ಮೊರ ಹೊತ್ತ ಅವಳ ಫೋಟೋ ಪತ್ರಿಕೆಯಲ್ಲಿ ಬಂತು, ಕೆಳಗೆ ‘ಕೆರೆಯ ತಾಯಿ’ ಎಂದು ಬರೆದಿದ್ದರು. ಚಂದ್ರಮೌಳಿ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲವಂತೆ. ಆಮೇಲೆ ಆ ಫೋಟೋ ಲಗತ್ತಿಸಿ ಇನ್ನೊಂದು ಅರ್ಜಿ ಬರೆದರು. ಗಣರಾಜ್ಯೋತ್ಸವದ ದಿನ ಸಂಘದಿಂದ ಮಾದೇವಮ್ಮನಿಗೆ ಶಾಲು ಹೊದಿಸಿ ಸನ್ಮಾನ ಎಂದು ಗೊತ್ತುಮಾಡಿದರು.

ಸಂಕ್ರಾಂತಿಯ ಸಂಜೆ ಗಿರಿಜಾಂಬಾ ಅವಳ ಮನೆಗೇ ಬಂದರು. ಒಂದು ತಟ್ಟೆಯಲ್ಲಿ ಎಳ್ಳು ಬೆಲ್ಲ, ಕಬ್ಬಿನ ಜಲ್ಲೆ, ಅದೇ ಹಸಿರು ಸೀರೆ.

“ಅವತ್ತಂತೂ ಉಡಲಿಲ್ಲ. ಇಪ್ಪತ್ತಾರಕ್ಕೆ ಇದನ್ನ ಉಟ್ಕೊಂಡು ಬಾ, ಶಾಲು ಹೊದಿಸ್ತಾರೆ.”

ಮಾದೇವಮ್ಮ ಎಳ್ಳು ಬೆಲ್ಲ ತೆಗೆದುಕೊಂಡಳು. ಸೀರೆಯನ್ನು ಮುಟ್ಟಲಿಲ್ಲ. “ಸಾಲು ನಂಗ್ಯಾಕ್ರವ್ವ. ಬ್ಯಾಡಿ.”

“ಯಾಕೆ, ನಿನ್ನದೇನು ತಪ್ಪು ಇದರಲ್ಲಿ? ನಮ್ಮ ಯಜಮಾನ್ರೇ ತಡೆದದ್ದು. ಅವರು ದಿನಾ ಅದನ್ನೇ ಹೇಳ್ಕೊಂಡು ಕೊರಗ್ತಾರೆ. ನೀನು ಪಾಪ, ಏನು ಮಾಡೋಕಾಗ್ತಿತ್ತು?”

ಮಾದೇವಮ್ಮ ಬಾಗಿಲನ್ನು ಮುಂದಕ್ಕೆ ಎಳೆದಳು. ಹಿಂದೆ ಪೊರಕೆ, ಪೊರಕೆಯ ಪಕ್ಕ ಹ್ಯಾಂಡ್ಲು.

“ಇದು ಇಲ್ಲೇ ಇತ್ತು ಕಣ್ರವ್ವ. ಗುರುವಾರ, ಸುಕ್ರುವಾರ, ಸನಿವಾರ, ಇಲ್ಲೇ ಇತ್ತು. ಮೀನು ಬಾಯ್ ಬುಟ್ಟಿದ್ದ ನಾನ್ ನೋಡಿದ್ದೆ. ನಿಮ್ ಯಜಮಾನ್ರು ನನ್ನೇ ಕೇಳುದ್ರು, ಏನಾರ ಆಯ್ತದಾ ಅಂತ. ತಡೀತದೆ ಅಂದ್ಬುಟ್ಟೆ. ತಡ್ಯಾಕಿಲ್ಲ ಅಂತ ಗೊತ್ತಿತ್ತು. ನಿಮ್ ಮೊರದ್ ಆಸೆ ಕಣ್ರವ್ವ. ನನ್ ಎಸ್ರು ಬರೆದಿದ್ರಲ್ಲ, ಅದರ್ ಆಸೆ. ಅದಕ್ಕೆ ಬಾಯ್ ಮುಚ್ಕೊಂಡಿದ್ದೆ.”

ಗಿರಿಜಾಂಬಾ ತಟ್ಟೆಯನ್ನು ಕೆಳಗಿಟ್ಟು ಹೊಸಿಲ ಮೇಲೆ ಕುಳಿತುಬಿಟ್ಟರು. ಆಚೆ ಏರಿಯ ಮೇಲೆ ಮಕ್ಕಳು ಕಬ್ಬು ಜಗಿಯುತ್ತಾ ಓಡಾಡುತ್ತಿದ್ದರು.

“ನಾನು ಅವತ್ತು ಬಾಗಿಲಲ್ಲಿ ಸೀರೆ ತೋರಿಸ್ದೇ ಇದ್ದಿದ್ರೆ?” ಎಂದರು ಗಿರಿಜಾಂಬಾ.

“ನೀವು ಒಳ್ಳೇದುಕ್ಕೇ ತೋರ್ಸುದ್ರಿ. ಆಸೆ ಪಟ್ಟೋಳು ನಾನು.”

“ಮುಂದಿನ ವರ್ಷ?”

“ಬಾಯಲ್ಲಿ ಒಗೆ ಬಂದ್ ದಿನಾನೇ ಎತ್ತುತೀನಿ. ಯಾರ್ನೂ ಕೇಳಾಕಿಲ್ಲ. ಬಾಗ್ನ ಆಯ್ತೋ ಬುಟ್ಟಿತೋ.”

“ಮೀನು ಮರಿ ಬಿಡ್ತಾರಂತೆ ಜೂನಲ್ಲಿ. ಹೆಜ್ಜಾರ್ಲೆಗಳು ಬರುತ್ವೇನೆ?”

ಮಾದೇವಮ್ಮ ಕೆರೆಯ ಕಡೆ ನೋಡಿದಳು. ನಡುಗಡ್ಡೆಯ ಜಾಲಿ ಮರಗಳಲ್ಲಿ ಗೂಡುಗಳು ಹಾಗೇ ಇದ್ದವು, ಕಡ್ಡಿ ಒಂದೊಂದಾಗಿ ಉದುರುತ್ತಿತ್ತು.

“ಮೂವತ್ತೆಂಟು ವರ್ಸ ಕರೀದಿದ್ರೂ ಬಂದೊ,” ಎಂದಳು. “ಇನ್ಮ್ಯಾಕೆ ಕರೆಯಾಕೆ ನಂಗೆ ಮೊಕ ಇಲ್ಲ ಕಣ್ರವ್ವ.”

ಗಿರಿಜಾಂಬಾ ಎದ್ದು ಹೊರಟರು. ಸೀರೆಯನ್ನು ಬಿಟ್ಟೂ ಹೋಗಲಿಲ್ಲ, ತೆಗೆದುಕೊಳ್ಳೆಂದು ಒತ್ತಾಯವನ್ನೂ ಮಾಡಲಿಲ್ಲ. ಮಾದೇವಮ್ಮ ಬಾಗಿಲನ್ನು ಹಿಂದಕ್ಕೆ ತಳ್ಳಿ, ಪೊರಕೆ ತೆಗೆದುಕೊಂಡು ಮಕ್ಕಳು ಉಗಿದ ಕಬ್ಬಿನ ಸಿಪ್ಪೆ ಗುಡಿಸಲು ಏರಿಯ ಕಡೆಗೆ ಹೋದಳು.